ಬಾಕಿ ಒಂದು

ಈಲಿ ಎಂಬ ಊರಿಗೆ ಹೆಸರು ಬಂದದ್ದೇ
ಹಾವುಮೀನಿನಿಂದ, ಅನ್ನುತ್ತಾರೆ.
ಅಲ್ಲಿ ನನ್ನ ಉದ್ಯೋಗ ಹಳೆಯ ತೊಗಲಿನ ಸುಕ್ಕು ಬಿಡಿಸುವುದು.
ಕುರಿಯ ಬೆನ್ನ ಮೇಲೆ ಬರೆದ ಲೆಕ್ಕ;
ಏಳುನೂರು ವರ್ಷದ ಮೇಲೂ ಒಂದಿಷ್ಟು ತೇವ ತಾಗಿದರೆ
ಕುರಿ ನಾತ ಬೀರುತ್ತದೆ.

ಇವತ್ತಿನ ಸುರುಳಿಯಲ್ಲಿ ಜೌಗಿನಂಚಿನ ಒಬ್ಬ ವಿಧವೆ, ಹವೀಸ್.
ಮಠಕ್ಕೆ ಅವಳ ಗೇಣಿ ವರ್ಷಕ್ಕೆರಡು ಕಡ್ಡಿ ಹಾವುಮೀನು;
ಕಡ್ಡಿಗೆ ಇಪ್ಪತ್ತೈದು, ಕಿವಿರಿಗೆ ಪೋಣಿಸಿ.
ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವವರ ಮಗಳು,
ನಾನು ನಗಲಿಲ್ಲ.

ಆ ಸಲ ಎಣಿಸಿದರೆ ನಲವತ್ತೊಂಬತ್ತು.
ಐವತ್ತನೆಯದು ಹೊಸ್ತಿಲಲ್ಲೇ ಕಡ್ಡಿ ಬಿಟ್ಟು ಜಾರಿ
ಸನ್ಯಾಸಿಗಳ ಕಾಲ ಸಂದಿಯಲ್ಲಿ ನುಸುಳಿ
ದೀಕ್ಷಾಸ್ನಾನದ ಕಲ್ಲುಬಾನಿಯೊಳಗೆ ಬಿದ್ದಿತ್ತು.
ಹೇಗೆ ಹತ್ತಿತೋ, ಗುಮಾಸ್ತ ಬರೆದಿಲ್ಲ.
ಮೂರು ಸಲ ಮುಳುಗಿ ಎದ್ದಿತು ಎಂದು ಮಾತ್ರ ಬರೆದಿದ್ದಾನೆ,
ಮೂರು ಎಂಬಲ್ಲಿ ಮಸಿ ಒತ್ತಿ.

ಇನ್ನದನ್ನು ತಿನ್ನುವುದು ಹೇಗೆ?
ಹಾವುಮೀನು ಕೆಸರಿಗೆ ಹುಟ್ಟುತ್ತದೆ ಎಂದ ಒಬ್ಬ,
ಕುದುರೆಬಾಲದ ಕೂದಲಿಗೆ ಎಂದ ಇನ್ನೊಬ್ಬ.
ಹುಟ್ಟೇ ಗೊತ್ತಿಲ್ಲದ್ದಕ್ಕೆ ಮರುಹುಟ್ಟು ಸಲ್ಲುತ್ತದೆಯೆ?
ದಿನವಿಡೀ ವಾದ. ಊಟ ಆರಿತು.
ಕೊನೆಗೆ ಪಾರುಪತ್ತೇಗಾರ ಅದನ್ನು ಮರದ ಕೊಳಗದಲ್ಲಿ ಹೊತ್ತು
ಹರಸಿ ನದಿಗೆ ಬಿಟ್ಟು ಬಂದ, ಕೈ ಮೂಸಿಕೊಳ್ಳುತ್ತ.
ಆದರೆ ಗೇಣಿ ಗೇಣಿಯೇ.
ಹವೀಸಳ ಹೆಸರಿನ ಮುಂದೆ: ಬಾಕಿ ಒಂದು, ಕ್ರೈಸ್ತ.

ಮರುವರ್ಷ ಬಾಕಿ ಒಂದು, ಕ್ರೈಸ್ತ.
ಅದರ ಮರುವರ್ಷವೂ.
ನೆರೆ ಬಂದ ವರ್ಷ, ದನಗಳಿಗೆ ಬೇನೆ ಬಂದ ವರ್ಷ,
ಮಗನ ಹೆಸರು ಪಟ್ಟಿಯಿಂದ ಇಲ್ಲವಾದ ವರ್ಷ,
ಬಾಕಿ ಒಂದು.
ಹನ್ನೆರಡನೆಯ ವರ್ಷ ಅಲ್ಲಿ ಏನೂ ಇಲ್ಲ, ಬರೀ ತೊಗಲು.

ನೇರಿಳೆ ದೀಪ ಹಿಡಿದೆ. ಚಾಕುವಿನಿಂದ ಕೆರೆದಿದ್ದಾರೆ.

ನನ್ನಪ್ಪ ಹೊಲದ ಕಲ್ಲುಗಳಿಂದ ಶಾಸನದ ಪಡಿಯಚ್ಚು ತೆಗೆಯುತ್ತಿದ್ದ.
ಕಲ್ಲಿಗೆ ಎಮ್ಮೆ ಕಟ್ಟಿದ್ದರೆ, ಬಿಚ್ಚುವ ಮೊದಲು
ಅದರ ಕಿವಿಯಲ್ಲಿ ಕೊನೆಯ ಸಾಲು ಓದುತ್ತಿದ್ದ:
ಇದನಳಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳು.
ಎಮ್ಮೆ ಮೆಲುಕು ಹಾಕುತ್ತಿತ್ತು.

ಅಳಿದವರಿಗೆಲ್ಲ ಆ ಶಾಪ ತಟ್ಟಲೆಂದು
ಇಷ್ಟು ದಿನ ನಾನೂ ಒಳಗೊಳಗೇ ಅನ್ನುತ್ತಿದ್ದೆ, ಕೆಲಸದ ನಿಷ್ಠೆಯಿಂದ.
ಈಗ ಈ ಕೆರೆದ ಜಾಗ ನೋಡುತ್ತೇನೆ:
ತೊಗಲು ಹರಿಯದಂತೆ, ಪಕ್ಕದ ಸಾಲಿಗೆ ತಾಗದಂತೆ,
ಮರಗಟ್ಟಿದ ಬೆರಳಲ್ಲಿ ಯಾರೋ,
ಯಾರೂ ನೋಡದ ಹೊತ್ತು.

ಷರಾ ಕಾಲಮ್ಮಿನಲ್ಲಿ ನಷ್ಟ ಎಂದು ಬರೆದು, ಹೊಡೆದು ಹಾಕಿ,
ಮತ್ತೆ ಬರೆದೆ:
ಕೆರೆದ ಗುರುತು ಒಂದು. ಕೈ ಹಗುರ.