ಮೂವತ್ತಾರು ತಿಂಗಳು

ಶಾಲೆಯ ಊಟದ ಕೋಣೆಯಲ್ಲಿ, ಹಾಲಿನ ಯಂತ್ರದ ಪಕ್ಕ
ಮೇಜು ಹಾಕಿಕೊಂಡು ಕೂತಿದ್ದ ಸೈನ್ಯದವನು.
ಇಸ್ತ್ರಿಯ ಗೆರೆಯೂ ನಗುವೂ ಒಂದೇ ನೇರ.
ಬಿಟ್ಟಿ ಪೆನ್ನು, ಬಿಟ್ಟಿ ಕೀಲಿಗೊಂಚಲು.
"ಮೂವತ್ತಾರು ತಿಂಗಳು ನಮಗೆ ಕೊಡು,
ಮೂವತ್ತಾರು ತಿಂಗಳ ಓದು ನಾವು ಕೊಡುತ್ತೇವೆ."
ಅಪ್ಪನ ಗಣಿ ಮುಚ್ಚಿ ಆಗ ಎರಡು ವರ್ಷ.
ಅಮ್ಮ ಗಲ್ಲಾದಲ್ಲಿ ಬೇರೆಯವರ ಚಿಲ್ಲರೆ ಎಣಿಸುತ್ತಿದ್ದಳು.
ಪೆನ್ನು ಅವನದೇ. ಸಹಿ ಹಾಕಿದೆ.

ಬಂದೂಕು ಹಿಡಿಯಲು ಅವರು ಕಲಿಸಿದರೆಂದರೆ ಸುಳ್ಳು.
ಅಜ್ಜ ಒರೆನ್ ಕಲಿಸಿದ್ದ, ನನಗೆ ಒಂಬತ್ತಾದಾಗ,
ಕೆಂಟಕಿಯ ಹಿಕರಿ ಮರದ ಬುಡದಲ್ಲಿ:
ಉಸಿರು ಅರ್ಧ ಬಿಡು, ಅರ್ಧ ಹಿಡಿ,
ಅಳಿಲಿಗೆ ನೀನು ಮರವಾಗು.
ಸೈನ್ಯ ಬದಲಿಸಿದ್ದು ಅಳಿಲನ್ನು ಮಾತ್ರ.
ಅದರ ಜಾಗದಲ್ಲಿ ಹಸಿರು ಹಲಗೆ,
ಹಲಗೆಗೆ ಎರಡು ಹೆಗಲು.

ಕಳೆದದ್ದು ಮೂವತ್ತಾರಲ್ಲ, ನಲವತ್ತೊಂಬತ್ತು.
ಯುದ್ಧ ಮುಗಿದಿಲ್ಲ ಎಂದು ಅವಧಿ ಬೆಳೆಸಿದರು.
ಆ ಹದಿಮೂರಕ್ಕೆ ಓದು ಕೊಡಲಿಲ್ಲ,
ಕೇಳುವ ಕಿಟಕಿ ಯಾವುದೆಂದು ಯಾರೂ ಹೇಳಲಿಲ್ಲ.

ಈಗ ಗ್ಲಾಸ್ಗೋದಲ್ಲಿ ಕಲ್ಲು ಓದುತ್ತೇನೆ.
ಇಲ್ಲಿ ಬೀದಿಯ ಪೊಲೀಸರ ಸೊಂಟ ಖಾಲಿ.
ಮೊದಲ ವಾರವೆಲ್ಲ ಕಣ್ಣು ಅಲ್ಲಿಗೇ,
ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದ ಹಾಗೆ.

ಮನೆಯೊಡತಿ ಇಷ್‌ಬೆಲ್‌ಗೆ ಎಪ್ಪತ್ತೊಂದು.
ಟೀವಿಯಲ್ಲಿ ಬಿಟ್ಟರೆ ಬಂದೂಕು ಕಂಡವಳಲ್ಲ.
"ಮನೆಯೊಳಗೇ ಇಡುತ್ತಿದ್ದಿರಾ?"
ಬಾಗಿಲ ಮೇಲೆ, ಎರಡು ಮೊಳೆಯ ಮೇಲೆ.
"ಗುಂಡು?"
ಉಪ್ಪಿನ ಡಬ್ಬಿಯ ಪಕ್ಕ.
ಅವಳು ತನ್ನ ಉಪ್ಪಿನ ಡಬ್ಬಿಯನ್ನು
ಸ್ವಲ್ಪ ಹೊತ್ತು ನೋಡಿದಳು.

ಮೇಲಿನ ಕೋಣೆಯ ರೇತೋ ಸ್ವಿಸ್ ಹುಡುಗ.
ಅವನಿಗೆ ಇದರಲ್ಲಿ ಕಥೆಯೇ ಇಲ್ಲ.
"ನಮ್ಮಲ್ಲಿ ಗಂಡುಹುಡುಗರು ಹೋಗಿಬರುತ್ತೇವೆ,
ದಡಾರದ ಚುಚ್ಚುಮದ್ದಿನ ಹಾಗೆ.
ನನ್ನ ರೈಫಲ್ಲು ನೆಲಮಾಳಿಗೆಯಲ್ಲಿದೆ, ಸ್ಕೀ ಹಲಗೆಗಳ ಹಿಂದೆ.
ಗುಂಡು ಸರಕಾರದ ಬಳಿ.
ಅಲ್ಲ, ಓದಿಗೂ ಅದಕ್ಕೂ ಏನು ಸಂಬಂಧ?"
ನಿಮ್ಮೂರಲ್ಲಿ ಕಾಲೇಜಿನ ಫೀಸು ಎಷ್ಟು, ಕೇಳಿದೆ.
ಹೇಳಿದ.
ನಾನು ತಟ್ಟೆ ತೊಳೆಯಲು ಎದ್ದೆ.

ಮಾರ್ಚಿನಲ್ಲಿ ಬಡಗಣ ಬೆಟ್ಟಕ್ಕೆ ಕರೆದೊಯ್ದರು.
ಮಳೆಗಾಳಿಗೆ ಬೆನ್ನು ಕೊಟ್ಟು ಮೇಷ್ಟ್ರು ಗಿಲ್‌ಕ್ರಿಸ್ಟ್ ಅಂದರು:
ಈ ಬೆಟ್ಟವೂ ಅಮೆರಿಕದ ಆ ಸಾಲೂ ಒಂದೇ ಬೆನ್ನೆಲುಬು,
ಕಡಲು ನಡುವೆ ಬಂದದ್ದು ಆಮೇಲೆ.
ನಿಮ್ಮೂರಿನ ಮರಳುಗಲ್ಲು, ವೆರ್ನಾ, ಆ ಸಾಲು ಸವೆದು ಉದುರಿದ ಪುಡಿ.
ಬಂಡೆಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು, ಅಭ್ರಕ ಮಿನುಗಿತು.
ಏನಾದರೂ ಅನ್ನಿಸಬೇಕಿತ್ತೇನೋ.
ಕಾಲುಚೀಲ ಒದ್ದೆಯಾಗಿದೆ ಅನ್ನಿಸಿತು.

ಭಾನುವಾರ ಅಣ್ಣ ಕ್ಲೆಲ್‌ನ ಫೋನು.
ಅಲ್ಲಿ ಜಿಂಕೆ ಇದೆಯಾ? ಕೈಯಲ್ಲಿ ಒಂದೂ ಇಲ್ಲದೆ
ರಾತ್ರಿ ನಿದ್ದೆ ಹೇಗೆ ಬರುತ್ತೆ ನಿನಗೆ?
ಚೆನ್ನಾಗಿ ಬರುತ್ತೆ ಎಂದೆ. ಅರ್ಧ ನಿಜ.
ಅವನ ಮಗಳು ಮಾರ್ಲೀ ಫೋನು ಕಿತ್ತುಕೊಂಡಳು.
ಏಳು ವರ್ಷ, ಮುಂದಿನ ಹಲ್ಲಿಲ್ಲದ ಮಾತು:
"ಅತ್ತೆ, ಇವತ್ತು ಸ್ಕೂಲಲ್ಲಿ ಲೈಟು ಆರಿಸಿ
ಬೀರುವಿನ ಹಿಂದೆ ಬಚ್ಚಿಟ್ಟುಕೊಂಡ್ವಿ, ಪ್ರಾಕ್ಟೀಸಿಗೆ.
ಉಸಿರಿನ ಸದ್ದೂ ಬರಬಾರದು.
ನಾನೇ ಎಲ್ಲರಿಗಿಂತ ಚೆನ್ನಾಗಿ ಮಾಡಿದೆ.
ಮುತ್ತಜ್ಜ ಹೇಳಿಕೊಟ್ಟಿದ್ದನಲ್ಲ,
ನಾನು ಮರ ಆದೆ."

ಫೋನಿಟ್ಟು ಅಡುಗೆಮನೆಗೆ ಬಂದೆ.
ಇಷ್‌ಬೆಲ್ ಆಲೂಗಡ್ಡೆ ಸುಲಿಯುತ್ತಾ ಕೇಳಿದಳು,
ಎಷ್ಟು ಭಾರ ಇರುತ್ತೆ ಅದು, ಸೈನ್ಯದ್ದು?
ಬೆಟ್ಟದಿಂದ ತಂದ ಕಲ್ಲಿನ ಚೀಲ ಮೂಲೆಯಲ್ಲಿತ್ತು.
ಎರಡು ಕಲ್ಲು ತೆಗೆದು, ಕೈಯಲ್ಲಿ ತೂಗಿ,
ಇನ್ನೊಂದು ಚಿಕ್ಕದು ವಾಪಸು ಹಾಕಿ
ಅವಳಿಗೆ ಕೊಟ್ಟೆ.
ಕೈ ಒರೆಸಿಕೊಂಡು ಎತ್ತಿದಳು.
"ಇಷ್ಟೇನಾ?" ಎಂದಳು.