ಸಾಣೆಯವನು ಬಂದ ಬೆಳಿಗ್ಗೆ

ಒರೆನ್ಸೆಯ ಹಿಂದಿನ ಗುಡ್ಡದ ಬೀದಿಗಳಲ್ಲಿ
ವರ್ಷಕ್ಕೊಮ್ಮೆ, ದ್ರಾಕ್ಷಿ ಕೊಯ್ಲಿಗೆ ಮುಂಚೆ,
ಆ ಸಿಳ್ಳೆಕೊಳಲು ಕೇಳುತ್ತದೆ:
ಮೆಟ್ಟಿಲು ಹತ್ತಿದ ಹಾಗೆ ಏರಿ
ಸರ್ರನೆ ಕೆಳಗೆ ಜಾರುವ ಸ್ವರ.
ಮೊದಲು ನಾಯಿಗಳಿಗೆ ಗೊತ್ತಾಗುತ್ತದೆ,
ಆಮೇಲೆ ನಮಗೆ. ದೆಲ್ಮಿರೋ ಬಂದ.

ಸೈಕಲ್ಲಿಗೆ ಕಾರಂಜಿಯ ಪಕ್ಕ ಸ್ಟ್ಯಾಂಡು ಹಾಕಿ
ಹಿಂದಿನ ಚಕ್ರಕ್ಕೆ ಪಟ್ಟಿ ಬಿಗಿದು
ತುಳಿಯುತ್ತಾನೆ, ಎಲ್ಲಿಗೂ ಹೋಗದೆ.
ತಿರುಗುವುದು ಸಾಣೆಕಲ್ಲು ಮಾತ್ರ,
ಅದೂ ತನ್ನ ಸುತ್ತಲೇ.

ಈ ಸಲ ಹನ್ನೊಂದು ಚಾಕು ಒಯ್ದೆ,
ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ.
ಜರ್ಮನಿಯದು, ಜಪಾನಿನದು,
ಅಲಗಿನ ಮೇಲೆ ಮೀನು ಕೊರೆದದ್ದು,
ಚೀಸಿಗೆಂದೇ ತೂತು ಮಾಡಿದ್ದು,
ಮೂರು ಕೊಂಡದ್ದಕ್ಕೆ ಪುಕ್ಕಟೆ ಬಂದದ್ದು,
ಯಾಕೆ ಕೊಂಡೆನೋ ನನಗೇ ನೆನಪಿಲ್ಲದ್ದು.
ತಳದಲ್ಲಿ ಅತ್ತೆಯದು. ಹಿಡಿಗೆ ತಂತಿ ಸುತ್ತಿದ್ದು,
ತೇದು ತೇದು
ಬಿದಿಗೆಯ ಚಂದ್ರನಷ್ಟೇ ಉಳಿದದ್ದು.

"ಒಬ್ದೂಲಿಯಾ, ಇವತ್ತು ಬ್ರೆಡ್ಡು ಕೊಯ್ದದ್ದು ಯಾವುದರಲ್ಲಿ?"
ನಾನು ಕಾರಂಜಿಯ ಕಡೆ ನೋಡಿದೆ.

ಅವನು ಅತ್ತೆಯದನ್ನೇ ಎತ್ತಿಕೊಂಡ.
ಉಳಿದ ಹತ್ತನ್ನು ಮತ್ತೆ ಸುತ್ತಿ
ಮಲಗಿದ್ದನ್ನು ಎಬ್ಬಿಸಬಾರದು ಅನ್ನುವಂತೆ
ನನ್ನ ತೋಳಿಗಿಟ್ಟ.
ಹತ್ತು ಚಾಕಿನ ದುಡ್ಡು! ಬೇಡವೇನಯ್ಯ ನಿನಗೆ?

ತಂಗಿಯ ಮಗ ಸಿಸ್ತೋ ಹೇಳುತ್ತಲೇ ಇರುತ್ತಾನಂತೆ:
ವ್ಯಾನು ತಗೋ, ಕರೆಂಟಿನ ಕಲ್ಲು ತಗೋ,
ಸಿಳ್ಳೆಯನ್ನು ಮೈಕಿಗೆ ಹಾಕು,
ದಿನಕ್ಕೆ ಮೂರೂರು ಮುಗಿಸು ಮಾವಾ.
"ಮೂರೂರಿನ ಟೊಮೆಟೊ ತಿನ್ನೋಕೆ
ಹೊಟ್ಟೆ ಒಂದೇ ಇದೆಯಲ್ಲೋ" ಅಂದನಂತೆ.
ಹುಡುಗನಿಗೆ ಅರ್ಥವಾಗಲಿಲ್ಲ.
ನನಗೂ.

ಕಿಡಿ ಹಾರಿತು. ನೀರು ಚಿಮುಕಿಸಿದ.
ಹೆಬ್ಬೆರಳ ಉಗುರಿಗೆ ಅಲಗು ತಾಗಿಸಿ ನೋಡಿದ.
ಆಮೇಲೆ ಕೋಟಿನ ಜೇಬಿನಿಂದ ತೆಗೆದ ಟೊಮೆಟೊ
(ಅದೇ ಅವನ ಪರೀಕ್ಷೆ, ಅದೇ ಮಧ್ಯಾಹ್ನದ ಊಟ).
ಒತ್ತಲಿಲ್ಲ. ಅಲಗಿನ ಭಾರವೇ ಸಾಕಾಯಿತು.
ಒಂದು ಬೀಜವೂ ಜಾರದೆ
ಹೋಳು ತಾನಾಗಿ ಮಗುಚಿಕೊಂಡಿತು,
ಅದರ ಮೂಲಕ ಚರ್ಚಿನ ಬಾಗಿಲು ಕೆಂಪಗೆ ಕಾಣುವಷ್ಟು ತೆಳ್ಳಗೆ.
ಪೊಟ್ಟಣದಿಂದ ಉಪ್ಪು ಉದುರಿಸಿ
ಮೊದಲ ಹೋಳು ನನ್ನ ಕೈಗಿಟ್ಟ.

ರಮೋನಾಳ ಅಂಗಡಿಯದೇ ಟೊಮೆಟೊ,
ನಾನು ದಿನಾ ತರುವಂಥದೇ.
ಇಷ್ಟು ವರ್ಷ ಜಜ್ಜಿಯೇ ತಿಂದಿದ್ದೆ
ಅಂತ ಆಗ ಗೊತ್ತಾಯಿತು.

ಹತ್ತನ್ನೂ ಎಸೆದೆ ಅಂದರೆ ಸುಳ್ಳಾದೀತು.
ಡ್ರಾಯರಿನಲ್ಲೇ ಇವೆ.
ಮೀನಿನದು ಈಗಲೂ ಚಂದವೇ.

ಆ ಸಂಜೆ ಹಸಿವಿರಲಿಲ್ಲ.
ಆದರೂ ಕಿಟಕಿಯ ಬೆಳಕಿಗೆ ನಿಂತು
ಒಂದು ಟೊಮೆಟೊ ಕೊಯ್ದೆ, ನಿಧಾನ,
ದೂರದಲ್ಲೆಲ್ಲೋ, ಪಕ್ಕದೂರಿನ ನಾಯಿಗಳು
ಬೊಗಳಲು ಶುರುಮಾಡುವವರೆಗೆ.