ಕಲ್ಲು ಬದಲಿಸಿದ ಭಾನುವಾರ

ಕಾಲೇ ಇಲ್ಲ ಇವಕ್ಕೆ,
ಆದರೂ ಕಾಲು ಕೆರೆದು ಜಗಳಕ್ಕೆ ಬರುತ್ತವೆ.

ಒಸ್ತ್ರಾವಾದ ನಮ್ಮ ನಾಲ್ಕನೇ ಮಹಡಿಯಲ್ಲಿ
ಟೀವಿ ಇರಬೇಕಾದ ಜಾಗದಲ್ಲಿ ಮುನ್ನೂರು ಲೀಟರು ನೀರು.
ನೆಲ ತಡೆದೀತೇ ಎಂದು ಕೆಳಗಿನ ಮನೆಯ ಕ್ವೇತಾ
ಆರು ವರ್ಷದಿಂದ ಕೇಳುತ್ತಿದ್ದಾಳೆ.
ತಡೆದಿದೆ. ನಾನೂ ತಡೆದುಕೊಂಡಿದ್ದೇನೆ.

ನೀರೊಳಗೆ ಮಲಾವಿ ಸರೋವರದ ಸಿಕ್ಲಿಡ್‌ಗಳು,
ಎರಡು ಗಂಡು, ಐದು ಹೆಣ್ಣು.
ಒಂದು ಗಂಡು ಗ್ಯಾಸಿನ ಉರಿಯ ನೀಲಿ, ಮೈಮೇಲೆ ಕರಿಪಟ್ಟೆ.
ಇನ್ನೊಂದೂ ಅದೇ ಜಾತಿ, ಅದೇ ಅಂಗಡಿ,
ಅದೇ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ಬಂದದ್ದು.
ಬಣ್ಣ ಮಾತ್ರ ಬಿಟ್ಟಿದೆ,
ಒಗೆದೂ ಒಗೆದೂ ಬಿಳಿಚಿದ ಅಂಗಿಯ ಹಾಗೆ.
ಸೋತ ಗಂಡು ಹೆಣ್ಣಿನ ಬಣ್ಣ ಉಟ್ಟುಕೊಳ್ಳುತ್ತದೆ
ಅಂದ ನನ್ನ ಗಂಡ ಒತಾಕರ್.
ನಮ್ಮ ಬಣ್ಣ ಅಂದರೆ ಸೋಲಿನ ಬಣ್ಣವೋ ಅಂದೆ.
ಬಲೆ ತೊಳೆಯುತ್ತ ಕೂತ.

ಒಂದು ವಾರ ಅದು ಹೀಟರಿನ ಹಿಂದೆ
ನೀರಿನ ಮೇಲ್ಮೈಗೆ ಬೆನ್ನು ತಾಗಿಸಿ ನಿಂತುಬಿಟ್ಟಿತ್ತು,
ಬಾಲದ ಅಂಚು ಇಲಿ ಕಡಿದ ಕಾಗದ.
ಕಾಳು ಬಿದ್ದರೂ ನೀಲಿಯದು ಮೊದಲು ಅಟ್ಟಿಸಿಕೊಂಡು ಹೋಗಿ
ಆಮೇಲೆ ತಿನ್ನಲು ಬರುತ್ತಿತ್ತು;
ಅಷ್ಟರಲ್ಲಿ ಕಾಳು ಮುಗಿದಿರುತ್ತಿತ್ತು.
ಗೆದ್ದವನೂ ಬಡಕಲಾದ.

ಇಪ್ಪತ್ತೇಳು ವರ್ಷ ಕಲ್ಲಿದ್ದಲ ಗಣಿಗೆ ಇಳಿದವನು ಒತಾಕರ್.
ಜಗಳ ಬಿಡಿಸಲು ಅವನಿಗೆ ಗೊತ್ತಿದ್ದುದು ಒಂದೇ ವಿದ್ಯೆ:
ಎತ್ತಿ ಹೊರಗಿಡುವುದು.
ಅಣಬೆ ಆಯಲು ಒಯ್ಯುವ ಹಳದಿ ಬಕೆಟ್ಟಿಗೆ ನೀಲಿಯನ್ನು ಹಾಕಿ
ಗಾಳಿಯ ಕೊಳವೆ ಬಿಟ್ಟು, ಮೇಲೊಂದು ತಟ್ಟೆ ಮುಚ್ಚಿ
ಬಚ್ಚಲಲ್ಲಿ ಇಟ್ಟ.

ಸಂಜೆ ಸೂಪು ಬಡಿಸುವಾಗ ನೋಡಿದೆ,
ಹೀಟರಿನ ಹಿಂದಿನವನು ನಡುನೀರಿಗೆ ಬಂದಿದ್ದ.
ಮಲಗುವಾಗ ನೋಡಿದೆ, ಮೈಮೇಲೆ ಒಂದೊಂದೇ ಪಟ್ಟೆ.
ಬೆಳಗ್ಗೆ, ಅಬ್ಬಾ, ಏನು ನೀಲಿ!
ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ.
ಹತ್ತು ಗಂಟೆಗೆ ಅವನು
ಬಾಯಿ ತುಂಬ ಮೊಟ್ಟೆ ಹೊತ್ತ ಹೆಣ್ಣೊಂದನ್ನು
ಗಾಜಿಗೆ ಒತ್ತಿ ಕುಕ್ಕುತ್ತಿದ್ದ.
ತುಂಬಿದ ಕಣ್ಣು ಹಾಗೇ ಒಣಗಿತು.

ಮೀನಂಗಡಿಯ ಮುದುಕಿ ಶ್ವಾಬೋವಾ ಫೋನಿನಲ್ಲಿ ನಕ್ಕಳು:
"ಇಬ್ಬರೇ ಇದ್ದರೆ ಸಿಟ್ಟಿಗೆ ವಿಳಾಸ ಗೊತ್ತಿರುತ್ತದೆ.
ಇನ್ನೂ ಹನ್ನೆರಡು ಒಯ್ಯಿರಿ,
ಯಾರನ್ನು ಅಟ್ಟಬೇಕೆಂದು ತಿಳಿಯದೆ ಸುಸ್ತಾಗಲಿ.
ಕಲ್ಲೆಲ್ಲ ತೆಗೆದು ಬೇರೆ ಥರ ಜೋಡಿಸಿ.
ಬೆಳಗಾದಾಗ ಯಾವ ಮನೆಯೂ ಯಾರದ್ದೂ ಆಗಿರಬಾರದು."

ಹಾಗಾಗಿ ಆ ಭಾನುವಾರ
ಒತಾಕರ್ ಭುಜದವರೆಗೆ ನೀರಲ್ಲಿ.
ಒಸ್ತ್ರವಿತ್ಸೆ ಹೊಳೆಯ ಉರುಟು ಕಲ್ಲುಗಳು ಒಂದೊಂದೇ ನನ್ನ ಟವೆಲ್ಲಿಗೆ.
ಕಲ್ಲು ಪೇರಿಸುವಾಗ ಅವನು ಬೇರೆಯೇ ಮನುಷ್ಯ:
ತಟ್ಟಿ, ಕಿವಿಗೊಟ್ಟು, ಅಲುಗಿಸಿ ನೋಡಿ
ಚಾವಣಿ ಯಾರ ಬೆನ್ನ ಮೇಲೂ ಕುಸಿಯದ ಹಾಗೆ.
ಈ ಮನೆಗೆ ಆ ಮನೆ ಕಾಣದಂತೆ ನಡುವೆ ಚಪ್ಪಡಿ.
ಪ್ರತಿ ಗುಹೆಗೂ ಎರಡು ಬಾಗಿಲು.
"ಒಂದೇ ಬಾಗಿಲಿನ ಸುರಂಗಕ್ಕೆ ಯಾರನ್ನೂ ಇಳಿಸಬಾರದು" ಅಂದ.

ಆಮೇಲೆ, ಕಲ್ಲಿಗೇ ಹೇಳುವವನಂತೆ:
"ಕೆಳಗೆ ಯಾರೂ ಹೊಡೆದಾಡಲಿಲ್ಲ ಗೊತ್ತಾ.
ಭುಜಕ್ಕೆ ಭುಜ ತಾಗುತ್ತಿತ್ತು, ಜಾಗವೆಲ್ಲಿ.
ಹೊಡೆದಾಟವೆಲ್ಲ ಮೇಲೆ, ಬಿಯರಿನ ಅಂಗಡಿಯಲ್ಲಿ.
ಅಲ್ಲಿ ಒಬ್ಬೊಬ್ಬನಿಗೂ ಅವನದೇ ಕುರ್ಚಿ ಇತ್ತು."
ಅವನ ಹುಬ್ಬಿನ ಮೇಲಿನ ಗೆರೆ
ಅಂಥದೊಂದು ಕುರ್ಚಿ ಬರೆದದ್ದಂತೆ.
ಇಷ್ಟು ವರ್ಷ ನನಗೆ ಗಣಿಯ ಹೆಸರು ಹೇಳಿದ್ದ.

ದೀಪ ಆರಿಸಿದೆವು. ಕತ್ತಲಲ್ಲೇ ಹೊಸ ಹನ್ನೆರಡನ್ನು ಬಿಟ್ಟೆವು,
ಕೊನೆಗೆ ಬಕೆಟ್ಟಿನವನನ್ನು.

ಸೋಮವಾರ ಪರದೆ ಸರಿಸಿದರೆ
ಇಬ್ಬರೂ ಎದುರುಬದುರು, ರೆಕ್ಕೆ ಬಿಚ್ಚಿ, ಬಾಯಿ ತೆರೆದು.
ನಡುವೆ ಮೂರು ಹಳದಿ ಮರಿಗಳು ಹಾದುಹೋದವು.
ಏನು ಹೇಳಬೇಕೆಂದಿದ್ದರೋ ಮರೆತರು.

ಶಾಂತಿಯೇನಲ್ಲ ಇದು.
ಅಟ್ಟುವುದು ಈಗಲೂ ಇದೆ, ಎರಡು ಸುತ್ತಿಗೆ ಮುಗಿಯುತ್ತದೆ.
ಮೊಟ್ಟೆ ಹೊತ್ತವಳು ಎರಡು ಬಾಗಿಲಿನ ಗುಹೆಯೊಂದನ್ನು ಹಿಡಿದಿದ್ದಾಳೆ,
ಮೂರನೇ ವಾರದ ಉಪವಾಸ, ಬಾಯಿ ಬಿಡುವ ಹಾಗಿಲ್ಲ.

ಇವತ್ತು ನಾನೂ ಸೋಫಾ ಎಳೆದು
ಕಿಟಕಿಯ ಕಡೆಗೆ ತಿರುಗಿಸಿ ಹಾಕಿದೆ.
ಒತಾಕರ್ ಲೋಟ ಹಿಡಿದು ಒಳಗಿನಿಂದ ಬಂದವನು
ಎಲ್ಲಿ ಕೂರಬೇಕೆಂದು ತಿಳಿಯದೆ
ತುಸು ಹೊತ್ತು ನಿಂತೇ ಇದ್ದ.